ಅರ್ಥಾಪತ್ತಿಯ ಚಹಾ

ಇಪ್ಪತ್ತನೆಯ ವಯಸ್ಸಿನಲ್ಲಿ ನನಗೆ ತರ್ಕದ ಹುಚ್ಚು ಹತ್ತಿತ್ತು. ನನ್ನ ವಾರಗೆಯ ಹುಡುಗಿಯರು ಸಿನಿಮಾ ಹಾಡು ಗುನುಗುತ್ತ ಜಡೆ ಹಾಕಿಕೊಳ್ಳುತ್ತಿದ್ದರೆ ನಾನು ಕನ್ನಡಿಯ ಮುಂದೆ ನಿಂತು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ಬೆರಳು ಮಡಚುತ್ತಿದ್ದೆ. ಒಂದು ಸಂಗತಿ ಗೊತ್ತು ಎನ್ನುವವರು ಅದು ಹೇಗೆ ಗೊತ್ತಾಯಿತು ಎಂದೂ ಹೇಳಬೇಕು. ಆ "ಹೇಗೆ" ಗಟ್ಟಿಯಾಗಿದ್ದರೆ ಅದು ಪ್ರಮಾಣ, ಇಲ್ಲದಿದ್ದರೆ ಬರೀ ಬಾಯಿಮಾತು. ಇಷ್ಟೇ ಇಷ್ಟು ವಿಚಾರ ನನ್ನ ತಲೆಗೆ ಎಷ್ಟು ಏರಿತೆಂದರೆ, ಒಂದು ವರ್ಷ ನಾನು ಯಾರ ಮಾತನ್ನೂ ಸುಮ್ಮನೆ ನಂಬಲಿಲ್ಲ, ಯಾರನ್ನೂ ಸುಮ್ಮನೆ ಇರಲೂ ಬಿಡಲಿಲ್ಲ.

ಅದು ಅರವತ್ತರ ದಶಕದ ನಡುಗಾಲ. ನಮ್ಮ ಮನೆ ತಿಕೋಟಾದಲ್ಲಿ. ನಾನು ಬಿ.ಎ. ಓದುತ್ತಿದ್ದದ್ದು ವಿಜಾಪುರದಲ್ಲಿ, ಅಥಣಿ ರಸ್ತೆಯಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಇದ್ದುಕೊಂಡು. ಅತ್ತೆ ಅಪ್ಪನ ಅಕ್ಕ. ಮಾಮಾ ರೈಲ್ವೆಯಲ್ಲಿದ್ದರು, ವಾರದಲ್ಲಿ ನಾಲ್ಕು ದಿನ ಗದಗಿನ ಕಡೆಗೇ ಇರುತ್ತಿದ್ದರು. ಮಕ್ಕಳಿಲ್ಲದ ಆ ಮನೆಯಲ್ಲಿ ಅತ್ತೆಗೆ ನಾನು ಮಗಳೂ ಹೌದು, ಜಗಳಕ್ಕೆ ಜೊತೆಯೂ ಹೌದು.

ತತ್ವಶಾಸ್ತ್ರದ ತರಗತಿಯಲ್ಲಿ ಹುಡುಗಿಯರು ಇಬ್ಬರೇ. ಇನ್ನೊಬ್ಬಳು ಸೊಲ್ಲಾಪುರ ರಸ್ತೆಯ ಗೆಳತಿ. ಅವಳ ತಂದೆ ಗ್ಯಾರೇಜಿನಲ್ಲಿ ಫಿಟ್ಟರ್, ಮನೆಯವರು ಕೆಲವು ವರ್ಷಗಳ ಹಿಂದಷ್ಟೇ ಬೌದ್ಧರಾಗಿದ್ದರು. ನಮ್ಮ ಮಾಸ್ತರರು ಕರಿ ಟೋಪಿಯ, ಉದ್ದ ಕೋಟಿನ ಮುದುಕರು. ಒಂದು ದಿನ ಅವರು ಯಾರ್‍ಯಾರು ಎಷ್ಟೆಷ್ಟು ಪ್ರಮಾಣ ಒಪ್ಪುತ್ತಾರೆ ಎಂದು ಹೇಳತೊಡಗಿದರು. "ಚಾರ್ವಾಕರು ಕಣ್ಣಿಗೆ ಕಂಡದ್ದೊಂದೇ ಸಾಕು ಅಂದ್ರು. ಬೌದ್ಧರು ಎರಡು. ಸಾಂಖ್ಯರು ಮೂರು. ನೈಯಾಯಿಕರು ನಾಲ್ಕು. ಮೀಮಾಂಸಕರೊಳಗ ಒಂದು ಮನಿಯವರು ಐದು, ಇನ್ನೊಂದು ಮನಿಯವರು ಆರು." ಹರಾಜಿನಲ್ಲಿ ಕೂಗಿದ ಹಾಗೆ ಅವರ ದನಿ ಏರುತ್ತ ಹೋಯಿತು. ಗೆಳತಿ ನನ್ನ ಕಿವಿಯಲ್ಲಿ, "ನಮ್ಮವ್ರು ಎರಡಕ್ಕ ಮುಗಿಸ್ಯಾರ ನೋಡ. ಪರೀಕ್ಷಾಕ್ಕ ಓದೂದು ಕಡಿಮಿ" ಅಂದಳು. ನಾನು ನಕ್ಕು, ಬೆಂಚಿನಿಂದ ಪುಸ್ತಕ ಕೆಡವಿ, ಮಾಸ್ತರರಿಂದ ಬೈಸಿಕೊಂಡೆ.

ಆರರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಐದನೆಯದು, ಅರ್ಥಾಪತ್ತಿ. ಪುಸ್ತಕದಲ್ಲಿ ಒಬ್ಬ ಧಡೂತಿ ಮನುಷ್ಯ ಬರುತ್ತಾನೆ. ಹಗಲು ಅವನು ಏನೂ ತಿನ್ನುವುದಿಲ್ಲ. ಆದರೂ ದಪ್ಪಗಿದ್ದಾನೆ. ಎರಡೂ ನಿಜವಾದರೆ ಅವನು ರಾತ್ರಿ ಉಣ್ಣುತ್ತಾನೆ ಎಂದು ಒಪ್ಪಲೇಬೇಕು, ಬೇರೆ ದಾರಿಯೇ ಇಲ್ಲ. ಯಾರೂ ನೋಡಿಲ್ಲ, ಯಾರೂ ಹೇಳಿಲ್ಲ, ಆದರೂ ಗೊತ್ತಾಯಿತು! ಇದನ್ನು ಕಲಿತ ದಿನ ಸೋಮವಾರವಾಗಿತ್ತು. ಅತ್ತೆ ಪ್ರತಿ ಸೋಮವಾರ ಒಪ್ಪತ್ತು ಮಾಡುತ್ತಿದ್ದಳು, ಮತ್ತು ಅತ್ತೆ ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬರುತ್ತಿರಲಿಲ್ಲ. ನಾನು ಮನೆಗೆ ಬಂದವಳೇ ಕೋಟು ಹಾಕಿದ ಮಾಸ್ತರರ ಗತ್ತಿನಲ್ಲಿ ಅಡುಗೆಮನೆಯಲ್ಲಿ ನಿಂತು ಎಲ್ಲವನ್ನೂ ವಿವರಿಸಿ, "ಅದಕ್ಕ ಅತ್ತಿ, ಶೇಂಗಾ ಡಬ್ಬಿ ಎಲ್ಲಿಟ್ಟೀದಿ ಹೇಳು" ಅಂದೆ.

"ಹೊಟ್ಟಿಗಿ ಹಾಕಿ ಓದಸಾಕತ್ತೇನಿ, ನನ್ನ ಹೊಟ್ಟೀನ ಎಣಸ್ತಿ ಏನ ಬೇ?" ಎಂದು ಅತ್ತೆ ಲಟ್ಟಣಿಗೆ ತೋರಿಸಿದಳು. ಆಮೇಲೆ ಅವಳಿಗೂ ನಗು ತಡೆಯಲಿಲ್ಲ. ಶೇಂಗಾ ಡಬ್ಬಿ ಹಾಸಿಗೆಯ ಸುರುಳಿಯ ಹಿಂದೆ ಇತ್ತು.

ಆ ವರ್ಷವೇ ಬಬಲೇಶ್ವರದ ಸಂಬಂಧ ಬಂತು. ತಂದವಳು ಅತ್ತೆ. ಹುಡುಗ ಅಲ್ಲಿಯ ಸಾಲೆಯಲ್ಲಿ ಗಣಿತದ ಮಾಸ್ತರ, ಮನೆಗೆ ಹೊಲವೂ ಇತ್ತು. ಅತ್ತೆ ನನ್ನ ಪಾಲಿಗೆ ಆಪ್ತಳು ನಿಜ, ಆಪ್ತರ ಮಾತು ಶಬ್ದಪ್ರಮಾಣವೂ ನಿಜ. ಆದರೆ ಅತ್ತೆಯ ಮಾತು ಯಾವಾಗಲೂ ಸ್ವಲ್ಪ ಹಿಗ್ಗಿರುತ್ತಿತ್ತು. ಹಾಗಾಗಿ ನಾನು, "ನೋಡಾಕ ಹೆಂಗದಾರ?" ಎಂದು ನೆಟ್ಟಗೆ ಕೇಳಿದೆ. "ಎತ್ತರ ನಿಮ್ಮಪ್ಪನಂಗ. ಮೂಗು ನಿಮ್ಮ ಮಾಮಾನಂಗ. ನಡಿಗಿ ಮಾತ್ರ ತಿಕೋಟಾದ ಪೋಸ್ಟ್ ಮಾಸ್ತರನಂಗ, ಬಿರಬಿರ" ಅಂದಳು. ಹೋಲಿಕೆಯಿಂದ ಗುರುತು ಹಿಡಿಯುವ ಉಪಮಾನ ಇದೇ ಅಲ್ಲವೇ ಎಂದು ನಾನು ಅದನ್ನು ನೋಟ್ ಪುಸ್ತಕದ ಹಿಂದೆ ಬರೆದಿಟ್ಟುಕೊಂಡೆ.

ಹೆಣ್ಣು ನೋಡಲು ಅವರು ತಿಕೋಟಾದ ಮನೆಗೆ ಬರುವುದು ಒಂದು ಭಾನುವಾರವೆಂದು ನಿಶ್ಚಯವಾಯಿತು. ಶನಿವಾರವೇ ನಾನೂ ಅತ್ತೆಯೂ ಊರಿಗೆ ಹೋದೆವು. ಅತ್ತೆ ತನ್ನ ಹಿತ್ತಾಳೆ ಡಬ್ಬಿಯ ತುಂಬ ಶೇಂಗಾ ಹೋಳಿಗೆ ಮಾಡಿಕೊಂಡೇ ಬಂದಿದ್ದಳು. ಪುಸ್ತಕದ ಪ್ರಕಾರ ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ಅನುಮಾನ ಮಾಡಬೇಕು. ನಮ್ಮ ಸೀಮೆಯಲ್ಲಿ ಗುಡ್ಡವೆಲ್ಲಿಂದ ತರೋಣ? ನಮಗಿರುವುದು ಧೂಳು. ದೂರದ ರಸ್ತೆಯಲ್ಲಿ ಧೂಳೆದ್ದರೆ ಬಸ್ಸು ಬಂತೆಂದು ಲೆಕ್ಕ. ಅಪ್ಪ ಮಾಳಿಗೆ ಹತ್ತಿ ಕಾಯುತ್ತಿದ್ದರು. ಧೂಳು ಕಂಡಿತು. "ಬಂದ್ರು!" ಎಂದು ಕೂಗಿದರು. ಅವ್ವ ಒಂದು ಘಾಣ ಭಜಿ ಎಣ್ಣೆಗೆ ಬಿಟ್ಟಳು. ಬಂದದ್ದು ಬಿಜ್ಜರಗಿಯ ಕಡೆಯ ಕುರಿಹಿಂಡು. ಮತ್ತೆ ಧೂಳೆದ್ದಿತು, ಮತ್ತೆ ಭಜಿ ಬಿತ್ತು, ಈ ಸಲ ಬಂದದ್ದು ಯಾರದೋ ಜೀಪು. ಮೂರನೆಯ ಸಲ ಅಪ್ಪ ಬೇಸತ್ತು ಕೆಳಗಿಳಿದು ಆರಿದ ಭಜಿ ತಿನ್ನುತ್ತ ಕುಳಿತಿದ್ದಾಗ, ಬೀಗರಾಗಬೇಕಾದವರು ಬಾಗಿಲಲ್ಲೇ ನಿಂತಿದ್ದರು.

ಬಂದವರು ಮೂವರು: ಹುಡುಗ, ಅವರ ತಾಯಿ, ಅವರ ಕಾಕಾ. ಉಪಮಾನ ಕೈಕೊಡಲಿಲ್ಲ. ಬಾಗಿಲ ಸಂದಿಯಿಂದ ನೋಡಿದರೆ ಎತ್ತರ, ಮೂಗು, ನಡಿಗೆ ಮೂರೂ ಅತ್ತೆ ಹೇಳಿದಂತೆಯೇ ಇದ್ದವು. ಕಣ್ಣಿನ ಬಗ್ಗೆ ಮಾತ್ರ ಅವಳು ಏನೂ ಹೇಳಿರಲಿಲ್ಲ, ಹೇಳಬೇಕಾಗಿತ್ತು.

"ತಲಿ ಎತ್ತಬ್ಯಾಡ, ಕೇಳಿದ್ದಕ್ಕಷ್ಟ ಹೇಳು" ಎಂದು ಅವ್ವ ಭಜಿಯ ತಟ್ಟೆ ಕೈಗಿತ್ತಳು. ಹುಡುಗನ ತಾಯಿ ನನ್ನ ಕೈ ಹಿಡಿದು ನೋಡಿದರು. ಸೂಜಿಗೆ ದಾರ ಪೋಣಿಸಲು ಹೇಳಿದರು, ಪೋಣಿಸಿದೆ. ನಾಲ್ಕು ಹೆಜ್ಜೆ ನಡೆಯಲು ಹೇಳಿದರು, ನಡೆದೆ. ಆಮೇಲೆ ಕಾಕಾ ಭಜಿ ಜಗಿಯುತ್ತ, "ತರ್ಕಶಾಸ್ತ್ರ ಓದಾಕತ್ತಿ ಅಂತ? ಏನ ಉಪಯೋಗ ಅದರದ್ದು?" ಅಂದರು.

ಕೇಳಿದ್ದಕ್ಕಷ್ಟೇ ಹೇಳಬೇಕಿತ್ತು, ಅವರು ಕೇಳಿಯೇಬಿಟ್ಟಿದ್ದರು. ನನ್ನ ತಗ್ಗಿಸಿದ ಕಣ್ಣಿಗೆ ಅವರ ಬಿಳಿ ಧೋತರದ ಅಂಚು ಕಾಣುತ್ತಿತ್ತು, ಅಂಚಿಗೆ ಅಂಟಿಕೊಂಡ ಒಂದು ಕೆಂಪು ಉಳ್ಳಾಗಡ್ಡಿ ಸಿಪ್ಪೆಯೂ ಕಾಣುತ್ತಿತ್ತು. "ನೋಡದಿದ್ದರೂ ತಿಳೀತದರಿ. ನೀವು ಬಸ್ಸಿಗೆ ಬಂದಿಲ್ಲ, ಉಳ್ಳಾಗಡ್ಡಿ ಲಾರಿಯಾಗ ಬಂದೀರಿ. ಧೋತರದ ಮ್ಯಾಲ ಸಿಪ್ಪಿ ಐತಿ" ಅಂದೆ.

ಅಪ್ಪನ ಕೆಮ್ಮು ಕೇಳಿಸಿತು. ಆಗ ಹುಡುಗ ಬಾಯಿ ಬಿಟ್ಟರು.

"ಸಿಪ್ಪಿ ಐತಿ, ಖರೆ. ಆದ್ರ ಸಿಪ್ಪಿ ಇದ್ದಲ್ಲೆಲ್ಲಾ ಲಾರಿ ಇರಬೇಕಂತ ಎಲ್ಲೈತ್ರಿ? ನಾವು ಬಸ್ಸಿಗೇ ಬಂದೀವಿ. ಕಾಕಾ ಮುಂಜಾನಿ ಹೊಲದಾಗ ಉಳ್ಳಾಗಡ್ಡಿ ರಾಶಿಯಾಗ ಕುಂತಿದ್ದ. ಧೋತರ ಬದಲಿ ಮಾಡೂದು ಮರತು ಬಂದಾನ."

ಎಲ್ಲರೂ ಗೊಳ್ಳೆಂದು ನಕ್ಕರು, ಕಾಕಾ ಧೋತರ ಜಾಡಿಸಿಕೊಂಡರು. ನಾನು ತಲೆ ಎತ್ತಿದೆ. ಅವರೊಬ್ಬರು ನಗುತ್ತಿರಲಿಲ್ಲ, ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಒಂದು ಗುರುತು ಎರಡು ಕಡೆ ಇರಬಹುದಾದರೆ ಅದರಿಂದ ಏನನ್ನೂ ಸಾಧಿಸಲಾಗದು, ಇದು ಸವ್ಯಭಿಚಾರವೆಂಬ ದೋಷ. ಮಾಸ್ತರರು ಇದನ್ನು ನಮ್ಮ ತಲೆಗೆ ತುಂಬಲು ಮೂರು ವಾರ ಒದ್ದಾಡಿದ್ದರು. ಈ ಮನುಷ್ಯ ಅದರ ಹೆಸರೂ ಕೇಳದೆ ಭಜಿ ತಿನ್ನುತ್ತ ತಿನ್ನುತ್ತಲೇ ಅದನ್ನು ಹಿಡಿದು ನನ್ನ ಮುಂದೆ ಇಟ್ಟಿದ್ದರು. "ಸೋತ್ನಿರಿ" ಎಂದು ನಾನು ಜೋರಾಗಿ ನಕ್ಕುಬಿಟ್ಟೆ. ಅಲ್ಲೇ, ತಟ್ಟೆ ಕೈಯಲ್ಲಿರುವಾಗಲೇ, ನನಗೆ ಅವರು ಬೇಕೆನಿಸಿದರು. ಬೇಕೆಂದರೆ ಬೇಕು.

ನಮ್ಮ ಕಡೆ ಹೆಣ್ಣು ನೋಡಿದ ದಿನ ಯಾರೂ ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದೂ ಇಲ್ಲ. "ಹೇಳಿ ಕಳಸ್ತೀವ್ರಿ" ಎಂದು ಎದ್ದರು. ಅತ್ತೆ ಹೋಳಿಗೆಯ ಡಬ್ಬಿಯನ್ನು ಹಾಗೆಯೇ ಅವರ ಕೈಗಿಟ್ಟಳು. ಅವರು ಓಣಿ ದಾಟಿದ ಮೇಲೆ ಅಪ್ಪ ನನ್ನ ಮೇಲೆ ಹರಿಹಾಯ್ದರು. "ಹೆಣ್ಣು ನೋಡಾಕ ಬಂದವ್ರನ್ನ ನೀನ ಪರೀಕ್ಷಾ ಮಾಡಿ ಕಳಸಿದೆಲ್ಲ! ಹೋತು ಇದು. ಕೈ ತೊಳಕೋ." ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಹೆದರಿಕೆ ಬಂತು. ಜೀವನದಲ್ಲಿ ಮೊದಲ ಸಲ ಒಂದು ಉತ್ತರ ನನಗೆ ಅಷ್ಟು ಬೇಕಾಗಿತ್ತು, ಅದನ್ನು ಪಡೆಯುವ ಯಾವ ಪ್ರಮಾಣವೂ ನನ್ನ ಕೈಯಲ್ಲಿರಲಿಲ್ಲ.

ಸೋಮವಾರ ವಿಜಾಪುರಕ್ಕೆ ಮರಳಿದೆವು. ಮಂಗಳವಾರ ಸುದ್ದಿ ಇಲ್ಲ, ಬುಧವಾರ ಇಲ್ಲ. ಬಬಲೇಶ್ವರದ ಹೆಸರೆತ್ತಿದರೆ ನಾನು ತುತ್ತು ಬಿಟ್ಟು ಏಳುತ್ತಿದ್ದೆ, ಹೆಸರೆತ್ತದಿದ್ದರೆ ಯಾಕೆ ಎತ್ತಲಿಲ್ಲವೆಂದು ಮುಖ ಊದಿಸಿಕೊಳ್ಳುತ್ತಿದ್ದೆ. ಪೋಸ್ಟಿನವರು ಓಣಿಗೆ ಬಂದರೆ ಸಾಕು, ಕಟ್ಟೆಯ ಮೇಲೆ ಬಂದು ನಿಲ್ಲುತ್ತಿದ್ದೆ. ಅತ್ತೆ ಮಾತ್ರ ಆ ದಿನಗಳಲ್ಲಿ ನನ್ನನ್ನು ಎಂದಿಲ್ಲದಷ್ಟು ಮುದ್ದು ಮಾಡಿದಳು. ಒಂದು ದಿನ ಶಿರಾ, ಎರಡು ದಿನ ಬಿಟ್ಟು ಮತ್ತೆ ಶಿರಾ. ಸಂಜೆಯ ಚಹಾವೂ ರುಚಿಯಾಗಿರುತ್ತಿತ್ತು. ನಾನು ಬಸಿ ತುಂಬ ಸುರಿದುಕೊಂಡು ಸೊರ್‍ರೆಂದು ಕುಡಿದೆ, ಏನು ಕುಡಿದೆನೆಂದು ನೋಡಲಿಲ್ಲ. ವಸ್ತು ಇಂದ್ರಿಯಕ್ಕೆ ತಾಗಿಯೂ ಅದು ಏನೆಂದು ಮನಸ್ಸು ಇನ್ನೂ ಗುರುತಿಸದಿರುವ ಒಂದು ಸ್ಥಿತಿಗೆ ಮಾಸ್ತರರು ನಿರ್ವಿಕಲ್ಪಕ ಎಂಬ ಹೆಸರು ಹೇಳಿದ್ದರು. ಎಂಟು ದಿನ ನಾನು ಅದರಲ್ಲೇ ಇದ್ದೆ.

ಮುಂದಿನ ಮಂಗಳವಾರ ತರಗತಿಯಲ್ಲಿ ಆರನೆಯ ಪ್ರಮಾಣ ಬಂತು, ಅನುಪಲಬ್ಧಿ. ನೆಲದ ಮೇಲೆ ಕೊಡ ಕಾಣದಿದ್ದರೆ ಕೊಡ ಇಲ್ಲವೆಂದು ತಿಳಿಯುತ್ತೇವೆ. ಕಾಣದಿರುವುದೇ ಇಲ್ಲದಿರುವುದರ ಪ್ರಮಾಣ. ಎದ್ದು ನಿಂತೆ. "ಸರ್, ಒಂದು ಊರಿಂದ ಮಾತು ಬರಬೇಕಾಗಿತ್ತು. ಬಂದಿಲ್ಲ. ಹಂಗಾದ್ರ ಅವರ ಮನಸ್ಸಿನಾಗ ಇಲ್ಲ ಅಂತನ ಅರ್ಥ ಏನ್ರಿ?"

ಹುಡುಗರು ಕಿಸಕ್ಕೆಂದರು. ಮಾಸ್ತರರು ಟೋಪಿ ಸರಿಮಾಡಿಕೊಂಡು ಒಂದು ಗಳಿಗೆ ನನ್ನನ್ನೇ ನೋಡಿದರು. ಅವರಿಗೂ ಹೆಣ್ಣುಮಕ್ಕಳಿದ್ದರು. "ಅವಸರ ಮಾಡಬ್ಯಾಡ್ರಿ. ಬಂದಿದ್ದರ ನಿಮಗ ಕಾಣತಿತ್ತೇನು ಅಂತ ಮೊದಲ ಕೇಳಕೋಬೇಕು. ಕತ್ತಲಿ ಖೋಲಿಯೊಳಗ ಕೊಡ ಕಾಣಲಿಲ್ಲ ಅಂದ್ರ ಕೊಡ ಇಲ್ಲ ಅಂತ ಆಗೂದಿಲ್ಲ. ಬೆಳಕದ, ಕಣ್ಣು ನೆಟ್ಟಗವ, ಹುಡುಕೂ ಜಾಗಾನೂ ಸರಿ ಅದ; ಆಗ ಕಾಣಲಿಲ್ಲಂದ್ರ ಮಾತ್ರ ಇಲ್ಲ ಅನ್ನರಿ."

ಬಂದಿದ್ದರೆ ನನಗೆ ಕಾಣುತ್ತಿತ್ತೇ? ಆ ರಾತ್ರಿ ಮಲಗುವವರೆಗೂ ಅದನ್ನೇ ಉರು ಹಾಕಿದೆ. ಬುಧವಾರ ಮಧ್ಯಾಹ್ನ ಗೆಳತಿಯ ಜೊತೆ ಕಾಲೇಜಿನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದಾಗ ನನ್ನ ಡಬ್ಬಿಯಲ್ಲಿ ಮತ್ತೆ ಶಿರಾ. ಅವಳು ಬೆರಳಲ್ಲಿ ಮುರಿದು ಬಾಯಿಗಿಟ್ಟು ಕಣ್ಣರಳಿಸಿದಳು. "ಸಕ್ಕರಿ ಶಿರಾ! ಯಾವ ರೇಶನ್ ಅಂಗಡಿ ಬೇ ನಿಮ್ದು? ತಿಂಗಳಾತು ಊರಾಗ ಎಲ್ಲೂ ಒಂದು ಕಾಳು ಸಕ್ಕರಿ ಬಂದಿಲ್ಲ. ನಮ್ಮಪ್ಪ ಮೂರು ಅಂಗಡಿ ತಿರುಗಿ ಬೆಲ್ಲ ತಂದಾನ."

ನನ್ನ ಕೈ ಅಲ್ಲಿಯೇ ನಿಂತಿತು. ಅಂಗಡಿಯಲ್ಲಿ ಸಕ್ಕರೆ ಇಲ್ಲ. ನಮ್ಮ ಮನೆಯಲ್ಲಿ ಯಾವಾಗಲೂ ಬೆಲ್ಲದ ಚಹಾ. ಆದರೂ ಎಂಟು ದಿನದಿಂದ ಸಕ್ಕರೆ ಚಹಾ, ಮೂರು ಸಲ ಶಿರಾ. ಹಗಲು ಉಣ್ಣದ ಧಡೂತಿ ಮನುಷ್ಯ ನನ್ನ ಮುಂದೆ ಬಂದು ಕುಳಿತ ಹಾಗಾಯಿತು. ಸಕ್ಕರೆ ಬೇರೆಲ್ಲಿಂದಲೋ ಬಂದಿದೆ, ಅತ್ತೆ ಅದನ್ನು ನನ್ನಿಂದ ಮುಚ್ಚಿಟ್ಟಿದ್ದಾಳೆ. ಬುತ್ತಿಯನ್ನು ಗೆಳತಿಯ ಮಡಿಲಿಗೆ ಹಾಕಿ ನಾನು ಓಡಿದೆ. "ಎಲ್ಲಿಗೆ ಬೇ?" ಎಂದು ಅವಳು ಕೂಗಿದಳು. "ಐದನೇದ್ದಕ್ಕ!" ಎಂದು ಓಡುತ್ತಲೇ ಕೂಗಿದೆ.

ಅತ್ತೆ ಮೊದಲು ಮಾಮಾ ತಂದರು ಅಂದಳು, ಆಮೇಲೆ ನೆರೆಯವರು ಕೊಟ್ಟರು ಅಂದಳು, ಆಮೇಲೆ ಕಣ್ಣು ಒರೆಸಿಕೊಂಡಳು. ಹಾಸಿಗೆ ಸುರುಳಿಯ ಹಿಂದಿನಿಂದ ಅವಳು ಎಳೆದು ತಂದದ್ದು ಹಿತ್ತಾಳೆ ಡಬ್ಬಿ, ನಾವು ಹೋಳಿಗೆ ತುಂಬಿ ಕಳಿಸಿದ್ದ ಅದೇ ಡಬ್ಬಿ. ತಳದಲ್ಲಿ ಎರಡು ಚಮಚ ಸಕ್ಕರೆ ಉಳಿದಿತ್ತು.

"ಹ್ವಾದ ಮಂಗಳವಾರನ ಬಂತು. ಬಬಲೇಶ್ವರ ಬಸ್ಸಿನ ಕಂಡಕ್ಟರ ತಂದು ಕೊಟ್ಟ. ಒಂದು ಮಾತು ಇಲ್ಲ, ಒಂದು ಚೀಟಿ ಇಲ್ಲ. ಡಬ್ಬಿ ತಿರುಗಿ ಬಂತಂದ್ರ ಋಣ ಹರೀತು ಅಂತ ತಿಳಕೊಂಡೆ. ನಿನಗ ಹೆಂಗ ಹೇಳಲಿ ಬೇ? ಅವ್ರ ಮ್ಯಾಲಿನ ಸಿಟ್ಟಿಗೆ ಸಕ್ಕರೀನೂ ತಿಂದು ತೀರಿಸಿಬಿಡೂಣು ಅಂದೆ. ನೀನರ ನಾ ಕೊಟ್ಟಿದ್ದನ್ನ ತಿಂದು ಚಲೋತ್ನಂಗ ಇರ್ತಿ ಅಂತ…"

ಪಾತ್ರೆಯನ್ನು ಖಾಲಿ ಮರಳಿಸಬಾರದೆಂಬುದು ನಮ್ಮಲ್ಲಿ ಎಲ್ಲರ ಮನೆಯ ಪದ್ಧತಿ. ಹಿಡಿ ಜೋಳವೋ ಒಂದು ಚೂರು ಬೆಲ್ಲವೋ ಹಾಕಿ ಕಳಿಸುತ್ತಾರೆ. ಒಪ್ಪಿಗೆಗೆ ಸಕ್ಕರೆ ಕೊಡುವುದೂ ಪದ್ಧತಿಯೇ, ಆದರೆ ನಮ್ಮ ಮನೆತನದಲ್ಲಿ ಅದು ಐದು ಜನ ಹಿರಿಯರ ಜೊತೆ, ತೆಂಗಿನಕಾಯಿ, ಅರಿಶಿನ, ಎಲೆ ಅಡಿಕೆಯ ಜೊತೆ ಬರಬೇಕು. ಡಬ್ಬಿಯಲ್ಲಿ ಬಸ್ಸು ಹತ್ತಿ ಬರುವ ಸಕ್ಕರೆಯನ್ನು ಅತ್ತೆ ಒಪ್ಪಿಗೆಯೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಎಷ್ಟಿತ್ತು ಅತ್ತಿ? ಬಂದಾಗ ಎಷ್ಟಿತ್ತು?"

"ಕಂಠಮಟ ತುಂಬಿತ್ತು. ಮುಚ್ಚಳ ಕೂಡೂದು ಕಷ್ಟ ಆಗಿತ್ತು."

ನಾನು ಡಬ್ಬಿಯನ್ನು ತಬ್ಬಿಕೊಂಡು ನೆಲಕ್ಕೆ ಕುಳಿತುಬಿಟ್ಟೆ. "ಅತ್ತೀ! ಊರಾಗ ಎಲ್ಲೂ ಸಕ್ಕರಿ ಇಲ್ಲ. ಖಾಲಿ ಕಳಸಬಾರದು ಅಂತಷ್ಟ ಇದ್ದಿದ್ರ ಒಂದು ಹಿಡಿ ಸಾಕಾಗಿತ್ತು. ಇಂಥಾ ದಿನದಾಗ ಕಂಠಮಟ ಯಾಕ ತುಂಬ್ತಾರ? ಹೂಂ ಅಂದಿಲ್ಲಂದ್ರ ಇದಕ್ಕ ಅರ್ಥನ ಇಲ್ಲ!"

ಅತ್ತೆ ಹಣೆ ಹಣೆ ಬಡಿದುಕೊಂಡಳು. "ಅಯ್ಯ ನನ ಶಿವನ! ಒಪ್ಪಿಗೀನ ಶಿರಾ ಮಾಡಿ ತಿಂದ್ನೆಲ್ಲೋ!"

ಕಂಡಕ್ಟರು ಅದೇ ಓಣಿಯವರು. ಮೂರು ಗಂಟೆಯ ಬಬಲೇಶ್ವರ ಬಸ್ಸಿಗೆ ಹೊರಡಲು ಕಟ್ಟೆಯ ಮೇಲೆ ಕುಳಿತು ಬೂಟಿನ ದಾರ ಕಟ್ಟುತ್ತಿದ್ದರು. ಡಬ್ಬಿ ಕೊಡುವಾಗ ಬಬಲೇಶ್ವರದವರು ಏನೆಂದರೆಂದು ಅತ್ತೆ ಕೇಳಿದಳು. "ಏನಿಲ್ರಿ ಅಕ್ಕಾರ, ಆ ಗಣಿತದ ಮಾಸ್ತರ ತಾನ ಬಂದು ಕೊಟ್ಟ. ಉರುಳಸಬ್ಯಾಡ, ತೊಡಿ ಮ್ಯಾಲ ಇಟ್ಕೋ ಅಂದ. ಈಗ್ಯಾಕ ಕೇಳ್ತೀರಿ? ಅವ್ರು ನಾಳಿ ಬೇಸ್ತವಾರ ಜಮಖಂಡಿಗೆ ಹೆಣ್ಣು ನೋಡಾಕ ಹೊಂಟಾರಂತ. ನಿನ್ನಿ ಅವರ ಕಾಕಾ ಬಸ್ಸಿನಾಗ ಹೇಳಿದ."

ಅಪ್ಪನಿಗೆ ತಿಳಿಸಲು ತಿಕೋಟಾಕ್ಕೆ ಹೋದರೆ ಆ ದಿನ ಅಲ್ಲಿಗೇ ಮುಗಿಯುತ್ತಿತ್ತು. ಅತ್ತೆ ಒಳಗೆ ಹೋಗಿ ಸೀರೆ ಬದಲಿಸಿದಳು, ಡಬ್ಬಿಗೆ ಮನೆಯಲ್ಲಿದ್ದ ಬೆಲ್ಲವನ್ನೆಲ್ಲ ತುಂಬಿದಳು. ನಾನೂ ಚಪ್ಪಲಿ ಮೆಟ್ಟಿದೆ. "ನೀ ಎಲ್ಲಿಗೆ? ಹೆಣ್ಣು ತಾನ ನಡಕೊಂತ ಗಂಡಿನ ಮನಿಗೆ ಹೋಗ್ತೈತೇನ ಬೇ?" ಎಂದು ಅತ್ತೆ ಕಣ್ಣು ಬಿಟ್ಟಳು. "ನೀ ಅಲ್ಲಿ ಹೋಗಿ ಏನ ಹೇಳ್ತಿ? ಮಾಮಾ ತಂದ, ನೆರಿಯವ್ರು ಕೊಟ್ರು ಅಂತ ಮೂರು ಸುಳ್ಳು ಹೇಳ್ತಿ" ಅಂದೆ. ಅತ್ತೆ ಬಾಗಿಲಿಗೆ ಕೀಲಿ ಹಾಕಿದಳು. ಅಪ್ಪನಿಗೆ ಗೊತ್ತಾದರೆ ಇಬ್ಬರ ಚರ್ಮವನ್ನೂ ಸುಲಿಯುತ್ತಾರೆಂದು ಅಂದುಕೊಳ್ಳುತ್ತ ಇಬ್ಬರೂ ಬಸ್ ಸ್ಟ್ಯಾಂಡಿಗೆ ಓಡಿದೆವು. ಅತ್ತೆ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬಸ್ಸಿನಲ್ಲಿ ನನಗೆ ನಗು, ಅಳು, ಭಯ ಎಲ್ಲ ಒಟ್ಟಿಗೆ ಬರುತ್ತಿದ್ದವು. ಕಿಟಕಿಯ ಹೊರಗೆ ಜೋಳದ ಹೊಲಗಳು ಹಿಂದೆ ಓಡುತ್ತಿದ್ದರೆ ನಾನು ಮನಸ್ಸಿನಲ್ಲಿ ಪಂಚಾವಯವ ವಾಕ್ಯ ಕಟ್ಟುತ್ತಿದ್ದೆ. ಐದು ಮೆಟ್ಟಿಲಿನ ವಾದ: ಮೊದಲು ಪ್ರತಿಜ್ಞೆ, ಆಮೇಲೆ ಹೇತು, ಉದಾಹರಣೆ, ಉಪನಯ, ನಿಗಮನ. ಯಾರು ಏನು ಕೇಳಿದರೂ ಜಗ್ಗದ ಹಾಗೆ ಹೇಳಬೇಕು. ಪಕ್ಕದಲ್ಲಿ ಅತ್ತೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಂಡ ಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದಳು.

ಹುಡುಗನ ತಾಯಿ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದರು. ನಮ್ಮನ್ನು ನೋಡಿ ಎದ್ದರು. ನೀರು ಕೊಟ್ಟರು, ಚಾಪೆ ಹಾಸಿದರು, ಮುಖ ಮಾತ್ರ ಸಡಿಲಿಸಲಿಲ್ಲ. "ಸಕ್ಕರಿ ಕಳಿಸಿ ಎಂಟು ದಿನ ಆತು. ಡಬ್ಬಿ ಇಟ್ಕೊಂಡು ಸುಮ್ಮನಾದ್ರಿ. ನಿಮ್ಮ ಹುಡಿಗಿ ಓದಿದಾಕಿ, ಒಲ್ಲೆ ಅಂದಿರಬೇಕು ಅಂತ ನಾವೂ ಸುಮ್ಮನಾದಿವಿ."

ಅವರೂ ನಮ್ಮ ಹಾಗೆಯೇ, ಕತ್ತಲ ಖೋಲಿಯಲ್ಲಿ ಕೊಡ ಕಾಣಲಿಲ್ಲವೆಂದು ಕೈಬಿಟ್ಟಿದ್ದರು.

ಅತ್ತೆ, "ಅಲ್ರಿ, ಅದ ಏನಾತಂದ್ರ, ಅವರು ಗದಗಿನಾಗ…" ಎಂದು ಮೊದಲನೆಯ ಸುಳ್ಳಿಗೆ ಕೈ ಹಾಕಿದಳು. ನಾನು ನಡುವೆ ಬಾಯಿ ಹಾಕಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಡಬ್ಬಿ ಬಂದದ್ದು, ಅತ್ತೆ ಬಚ್ಚಿಟ್ಟದ್ದು, ಎಂಟು ದಿನದ ಚಹಾ, ಮೂರು ಸಲದ ಶಿರಾ, ಗೆಳತಿಯ ಮಾತು. ಅಷ್ಟರಲ್ಲಿ ಸೈಕಲ್ಲಿನ ಸದ್ದಾಯಿತು. ಹುಡುಗ ಸಾಲೆಯಿಂದ ಬಂದಿದ್ದರು, ತೋಳಿನ ತುಂಬ ಸುಣ್ಣದ ಕಡ್ಡಿಯ ಪುಡಿ. ಬಾಗಿಲಲ್ಲೇ ನಿಂತು ಕೊನೆಯ ಶಿರಾದವರೆಗೂ ಕೇಳಿಸಿಕೊಂಡರು.

"ನಮ್ಮ ಒಪ್ಪಿಗೀನ ಚಹಾದಾಗ ಹಾಕ್ಕೊಂಡು ಕುಡದ್ರಿ?" ತಾಯಿ ಅತ್ತೆಯನ್ನು ನೋಡಿದರು, ಡಬ್ಬಿಯನ್ನು ನೋಡಿದರು, ಆಮೇಲೆ ನನ್ನನ್ನು. ಅವರ ತುಟಿ ಅದುರುತ್ತಿತ್ತು, ನಗುವಿಗೋ ಸಿಟ್ಟಿಗೋ ತಿಳಿಯಲಿಲ್ಲ. "ಹೋಗಲಿ. ಈಗ ನೀ ಹೇಳವ್ವಾ. ಹಿರ್‍ಯಾರು ಹೇಳೂದು ಬ್ಯಾಡ, ನೀನ ಹೇಳು. ಸಕ್ಕರಿ ತಿಂದ ನಾಚಿಕಿಗೆ ಬಂದೀಯೋ? ಇಲ್ಲಾ ನನ್ನ ಮಗ ನಿನ್ನ ಮನಸ್ಸಿಗೆ ಬಂದಾನೋ?"

ಇಷ್ಟು ದಿನ ಎಲ್ಲರೂ ಬಬಲೇಶ್ವರದವರ ಮನಸ್ಸು ಏನೆಂದು ತಲೆ ಕೆಡಿಸಿಕೊಂಡಿದ್ದರು. ನನ್ನ ಮನಸ್ಸನ್ನು ಅಪ್ಪ ಕೇಳಿರಲಿಲ್ಲ, ಅವ್ವ ಕೇಳಿರಲಿಲ್ಲ, ಅತ್ತೆಯೂ ಕೇಳಿರಲಿಲ್ಲ. ಐದು ಮೆಟ್ಟಿಲಿನ ವಾದ ತಯಾರಾಗಿ ನಾಲಿಗೆಯ ತುದಿಯಲ್ಲಿತ್ತು, ಎಲ್ಲಿ ಹೋಯಿತೋ ಗೊತ್ತಿಲ್ಲ. "ಬಂದಾರ್‍ರಿ" ಅಂದೆ. ಅಷ್ಟೇ. ಪ್ರತಿಜ್ಞೆ ಮಾತ್ರ, ಮುಂದೆ ಹೇತು ಇಲ್ಲ, ಉದಾಹರಣೆ ಇಲ್ಲ. ದನಿ ಮಾತ್ರ ಓಣಿಗೆಲ್ಲ ಕೇಳುವಷ್ಟು ದೊಡ್ಡದಾಗಿ ಬಂದಿತ್ತು.

ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ನಗುತ್ತಲೇ ಒಳಗೆ ಹೋಗಿ ಒಲೆ ಹೊತ್ತಿಸಿ ಚಹಾ ತಂದರು. "ಜಮಖಂಡಿಗೆ ಬರೂದಿಲ್ಲಂತ ಹೇಳಿ ಕಳಸ್ತೀನಿ. ಈಗ ಬೆಲ್ಲದ್ದ ಕುಡೀರಿ. ಎಂಟು ದಿನ ಆತು, ನಾವೂ ಇದನ್ನ ಕುಡಿಯಾಕತ್ತೀವಿ. ತಿಂಗಳ ಸಕ್ಕರಿ ಎಲ್ಲಾ ನಿಮ್ಮ ಡಬ್ಬಿಗೇ ಹೋತು. ಒಂದು ಹಿಡಿ ಸಾಕೋ ಅಂದ್ರ ಇಂವ ಕೇಳಲಿಲ್ಲ, ಹಟ ಹಿಡದು ಡಬ್ಬಿ ತುಂಬಿದ."

ಅತ್ತೆ ಬಸಿ ಕೆಳಗಿಟ್ಟು ತಲೆ ತಗ್ಗಿಸಿದಳು. ಹುಡುಗ ಬಾಗಿಲಿನಿಂದ ಒಳಗೆ ಬಂದು ತಾಯಿಗೆ ಹೇಳುವವರ ಹಾಗೆ ಹೇಳಿದರು. "ಒಂದು ಹಿಡಿ ಹಾಕಿದ್ರ, ಡಬ್ಬಿ ಖಾಲಿ ಕಳಸಬಾರದಂತ ಹಾಕ್ಯಾರ ಅಂತ ತಿಳಕೋತಿದ್ರು. ತುಂಬಾ ಹಾಕಿದ್ರ, ಇಷ್ಟ್ಯಾಕ ಹಾಕ್ಯಾರಂತ ಆ ಮನ್ಯಾಗ ಒಬ್ಬರರ ವಿಚಾರ ಮಾಡೇ ಮಾಡ್ತಾರಂತ ನನಗ ಗೊತ್ತಿತ್ತು."

"ಒಬ್ಬರಂದ್ರ ಯಾರಪಾ ಅದು?" ಎಂದು ತಾಯಿ ಕೇಳಿದರು. ಅವರು ನನ್ನ ಕಡೆ ನೋಡಿದರು.

ಸೂಜಿಗೆ ದಾರ ಪೋಣಿಸುತ್ತೇನೆಯೇ, ನೆಟ್ಟಗೆ ನಡೆಯುತ್ತೇನೆಯೇ ಎಂದು ಜನ ನನ್ನನ್ನು ನೋಡಿದ್ದರು. ನಾನು ವಿಚಾರ ಮಾಡುತ್ತೇನೆ ಎಂಬುದೊಂದನ್ನೇ ನೆಚ್ಚಿಕೊಂಡು ಮನೆಯ ತಿಂಗಳ ಸಕ್ಕರೆಯನ್ನು ಸುರಿದವರು ಇವರೊಬ್ಬರೇ. ಅದು ತಿಳಿದ ಸಂತೋಷದಲ್ಲಿ ನಾನು ಬೆಲ್ಲದ ಚಹಾವನ್ನು ಬಸಿಗೆ ಸುರಿಯಲು ಹೋಗಿ ಸೀರೆಯ ಮೇಲೆ ಸುರಿದುಕೊಂಡೆ.

"ತಡಾ ಮಾಡಿದ್ನಿರಿ" ಅಂದೆ.

"ಆಗಲಿ ಬಿಡ್ರಿ" ಅಂದರು ಅವರು. "ತಿಳೀತಲ್ಲ."